ಅಡಿವೆಪ್ಪ ಏನೂ ಮಾಡದೆ ಬೆಳೆದ ಜೋಳ

ಕೂಡ್ರಿ, ಕೂಡ್ರಿ. ಕೂಸುಗಳನ್ನ ತೊಡಿ ಮ್ಯಾಲೆ ಹಾಕ್ಕೊಳ್ರಿ, ಎಲಿ-ಅಡಕಿ ತಾಟು ಈ ಕಡೆ ಸರಿಸ್ರಿ, ಕತಿ ಶುರು ಮಾಡ್ತೀನಿ. ಒಂದು ದೇಶ ಇತ್ತು. ಯಾವ ದೇಶ ಅಂತ ಕೇಳಬ್ಯಾಡ್ರಿ. ನನಗ ಹೇಳಿದಾಕಿ ನಮ್ಮಜ್ಜಿ, ಆಕಿಗೂ ಗೊತ್ತಿದ್ದಿಲ್ಲ. ಆ ದೇಶದಾಗ ಒಂದು ಊರು, ಆ ಊರಾಗ ಅಡಿವೆಪ್ಪ ಅಂತ ಒಬ್ಬ ರೈತ.

ರೈತ ಅಂತ ನಾನು ಮರ್ಯಾದಿಗೆ ಅಂದೆ. ಅಂವ ಎಂಥಾ ಮೈಗಳ್ಳ ಅಂದ್ರ, ಮೂಗಿನ ಮ್ಯಾಲೆ ನೊಣ ಕುಂತರ ಕೈ ಎತ್ತತಿದ್ದಿಲ್ಲ. ನೊಣಕ್ಕ ಬ್ಯಾಸರ ಆಗಿ ತಾನೇ ಎದ್ದು ಹೋಗಲಿ ಅಂತ ಕಾಯತಿದ್ದ. ಮೈಯಾಗ ಕಾಳಜಿ ಮಾಡೂ ಜಾಗಾ ಒಂದೇ, ಅವನ ಮೀಸಿ. ಅದಕ್ಕ ದಿನಾ ಬೆಣ್ಣಿ.

ಅವನ ಹೆಂಡತಿ ಹೊಳೆವ್ವ. ಆಕಿ ಕೈಯಾಗ ಕುಡಗೋಲು ಇಲ್ಲದಿದ್ರ ಮೊರ, ಮೊರ ಇಲ್ಲದಿದ್ರ ಕಸಬರಿಗಿ. ಅವರಿಗೆ ಎರಡು ಹೊಲ. ಒಂದು ಒಳ್ಳೆ ಕರಿ ಮಣ್ಣಿನ ಎರಿ ಹೊಲ, ಅದು ಹೊಳೆವ್ವನ ಪಾಲು. ಇನ್ನೊಂದು ಗುಡ್ಡದ ಬುಡಕಿನ ಕಲ್ಲುಪಟ್ಟಿ, ಅದು ಅಡಿವೆಪ್ಪನ ಪಾಲು. ಅದರಾಗ ಬಿತ್ತೂದು ಹೊಳೆವ್ವನ ಕೆಲಸ, ಆಮ್ಯಾಲಿಂದು ಅಡಿವೆಪ್ಪಂದು. ಅಂವ ಏನು ಮಾಡ್ತಿದ್ದ? ಸಾಲಿನ ನಡುವ ಎಡಿ ಹೊಡೀತಿದ್ದಿಲ್ಲ. ಕಸ ತಗೀತಿದ್ದಿಲ್ಲ. ಹಕ್ಕಿ ಕಾಯತಿದ್ದಿಲ್ಲ. ಬನ್ನಿ ಗಿಡದ ನೆರಳಿಗೆ ಕಂಬಳಿ ಹಾಸಿ ಮೀಸಿ ತಿರುವತಿದ್ದ.

ಆದ್ರ ಕೇಳ್ರಿ, ಸುಗ್ಗಿ ಬಂದ್ರ ಹೊಳೆವ್ವ ಒಂದು ವಿಚಿತ್ರ ಮಾಡ್ತಿದ್ಲು. ಊರ ಹೆಣ್ಮಕ್ಕಳೆಲ್ಲ ಬೀಜಕ್ಕ ಎರಿ ಹೊಲದ ದಪ್ಪ ತೆನಿ ಆರಿಸಿದ್ರ, ಈಕಿ ಬುಟ್ಟಿ ಹೊತ್ತು ಕಲ್ಲುಪಟ್ಟಿಗೆ ಹೋಗ್ತಿದ್ಲು. ಸಾಲು ಸಾಲು ನಡದು, ಬಗ್ಗಿ ನೋಡಿ, ಗಟ್ಟಿಯಾಗಿ ನಿಂತ ದಂಟಿನ ತೆನಿ ಮುರದು ತರತಿದ್ಲು. ಬಿಳಿದೂ ತಂದ್ಲು, ಕೆಂಪಂದೂ ತಂದ್ಲು, ಗಿಡ್ಡಂದೂ ತಂದ್ಲು.

"ಅಲ್ಲ ಹೊಳೆವ್ವ, ಅಲ್ಲಿ ಅಷ್ಟು ಚಂದ ತೆನಿ ಬಿಟ್ಟು ಈ ಬಡಕಲು ಯಾಕ?" ಅಂತ ಅಡಿವೆಪ್ಪ ಕೇಳಿದ.

"ಇವು ನಿಮ್ಮ ಕೈಯಾಗ ಸಿಕ್ಕೂ ಬದುಕ್ಯಾವಲ್ರೀ," ಅಂದ್ಲು ಹೊಳೆವ್ವ. "ಇವಕಿಂತ ಗಟ್ಟಿ ಇನ್ನೇನು ಬೇಕು?"

ಮೊದಲನೇ ವರ್ಷ ಅಡಿವೆಪ್ಪಗ ಸಿಟ್ಟು ಬಂತು. ಎರಡನೇ ವರ್ಷ ನಗು ಬಂತು. ಮೂರನೇ ವರ್ಷ ಅವನಿಗೆ ಅದೊಂದು ಹೊಗಳಿಕಿ ಅಂತನೇ ಅನಿಸಾಕ ಹತ್ತಿತು. ಹಿಂಗ ಒಂಬತ್ತು ಸುಗ್ಗಿ ಆದವು. ಆಕಿ ಆ ಬೀಜಕ್ಕ ಬೂದಿ ಕಲಸಿ, ಬೇವಿನ ಎಲಿ ಹಾಕಿ, ಗಡಗಿಯೊಳಗ ತುಂಬಿ ಇಡ್ತಿದ್ಲು.

ಈಗ ಅರಮನಿ ಕಡೆ ಬರೂಣ. ಆ ದೇಶದ ರಾಜಾಗ ಎಲ್ಲಾ ಒಂದೇ ನಮೂನಿ ಇರಬೇಕು. ಆನಿ ಒಂದೇ ಎತ್ತರ, ಸಿಪಾಯಿ ಒಂದೇ ಎತ್ತರ. ಜೋಳನೂ ಒಂದೇ ಎತ್ತರ ಇರಬೇಕು ಅಂತ ಅವನ ಹಟ. ಅರಮನಿ ಬೀಜದ ಪಂಡಿತ ಭಾನಪ್ಪ ಹನ್ನೆರಡು ವರ್ಷ ಕಷ್ಟಪಟ್ಟು ಒಂದು ಜೋಳ ಮಾಡಿದ್ದ. ಪಾಪ, ಅಂವ ಕೆಟ್ಟಾಂವಲ್ಲ. ಜೋಳ ಅಂದ್ರ ಅವನಿಗೆ ಜೀವ. ಅರಮನಿ ತ್ವಾಟದಾಗ ಅದಕ್ಕ ಹೊತ್ತೊತ್ತಿಗೆ ನೀರು, ಗಾಳಿ ತಾಕದಂಗ ಪರದೆ, ಗುಬ್ಬಿ ಓಡಸಾಕ ನಾಕು ಆಳು. ತೆನಿ ಒಂದೊಂದು ಕೂಸಿನ ತಲಿಯಷ್ಟು!

ರಾಜಾ ಕುಣದಾಡಿದ. ಡಂಗುರ ಹೊಡಿಸಿದ: "ಇನ್ನ ಮುಂದ ದೇಶದಾಗೆಲ್ಲ ಅರಮನಿ ಬೀಜ ಒಂದೇ ಬಿತ್ತಬೇಕು. ಬ್ಯಾರೆ ಬಿತ್ತಿದವರಿಗೆ ಅರ್ಧ ಮೀಸಿ ಬೋಳಿಸಿ, ಕತ್ತೆ ಮ್ಯಾಲೆ ಹಿಂದಮುಂದ ಕುಂಡ್ರಿಸಿ ಏಳೂರು ತಿರುಗಸ್ತೀವಿ!"

ಊರವರೆಲ್ಲ ಚೀಲ ಹಿಡಕೊಂಡು ಅರಮನಿಗೆ ಓಡಿದ್ರು. ಅರಮನಿ ಮೂರು ಹರದಾರಿ ದೂರ. ಅಡಿವೆಪ್ಪ ಮೊದಲನೇ ದಿನ ಬಿಸಿಲು ಭಾಳ ಅಂದ. ಎರಡನೇ ದಿನ ಅಮಾಸಿ ಅಂದ. ಮೂರನೇ ದಿನ ಚಪ್ಪಲಿ ಉಂಗುಷ್ಟ ಕಿತ್ತೇತಿ ಅಂದ. ಅಷ್ಟ್ರಾಗ ಬೀಜ ತೀರಿತು.

"ಬಿಡ್ರಿ," ಅಂದ್ಲು ಹೊಳೆವ್ವ. ತನ್ನ ಗಡಗಿ ಬೀಜ ತಗದು ಎರಡೂ ಹೊಲಕ್ಕ ಬಿತ್ತಿದ್ಲು. ನಡುನಡುವ ತೊಗರಿ ಅಕ್ಕಡಿ ಸಾಲು, ಅಲ್ಲಲ್ಲಿ ಅಲಸಂದಿ.

ಬಿತ್ತಿ ಮುಗದ ಮ್ಯಾಲೆ ಯಾರೋ ಅಡಿವೆಪ್ಪಗ ಡಂಗುರದ ಎರಡನೇ ಮಾತು ಹೇಳಿದ್ರು. ಕೈ ತಾನೇ ಮೀಸಿಗೆ ಹೋತು. ಅವತ್ತಿನಿಂದ ಊಟ ಎಡಗೈಲಿ, ಯಾಕಂದ್ರ ಬಲಗೈ ಮೀಸಿ ಬಿಡವಲ್ದು.

ಆ ವರ್ಷ ಆಕಾಶಕ್ಕ ಏನಾಗಿತ್ತೋ! ಬಿತ್ತಾಕ ನಾಕು ಹನಿ ಕೊಟ್ಟ ಮಳಿ ಒಂದೂವರಿ ತಿಂಗಳು ಮುಖ ತೋರಿಸಲಿಲ್ಲ. ನೀರು ಕುಡದು ಬೆಳದ ಅರಮನಿ ಜೋಳ ಎಲಿ ಸುತ್ತಿಕೊಂಡು ಅಳಾಕ ಹತ್ತಿತು. ಆಮ್ಯಾಲೆ ಮಳಿ ಬಂತು, ಜೋಳ ಹೆಂಗೋ ಚೇತರಿಸಿ ತೆನಿ ಹಾಕಿತು. ಹಾಲುಗಾಳು ತುಂಬೂ ಹೊತ್ತಿಗೆ ಮೂರು ದಿನ ಹುಚ್ಚುಗಾಳಿ. ಎಲ್ಲಾ ಒಂದೇ ಎತ್ತರ, ಎಲ್ಲಾ ಒಂದೇ ಭಾರ. ಒಂದು ಬಿತ್ತು ಅಂದ್ರ ಎಲ್ಲಾ ಬಿದ್ದವು. ದೇಶಕ್ಕ ದೇಶನೇ ಚಾಪಿ ಹಾಸಿದಂಗ ಆತು.

ಎದ್ದು ನಿಂತದ್ದು ಎಲ್ಲಿ? ಹೊಳೆವ್ವನ ಎರಿ ಹೊಲದಾಗ, ಅದಕ್ಕಿಂತ ಹೆಚ್ಚು ಕಲ್ಲುಪಟ್ಟಿಯಾಗ. ಎಲ್ಲಾ ನಿಂತಿತ್ತು ಅಂದ್ರ ಸುಳ್ಳಾಕ್ಕೇತಿ. ಉದ್ದಂದು ಕೆಲವು ಮಲಗಿದ್ದವು, ಗಿಡ್ಡಂದು ನಿಂತಿದ್ದವು. ಮುಂಚೆ ತೆನಿ ಹಾಕಿದ್ದು ಗಾಳಿ ಬರೂದ್ರಾಗ ಕಾಳಾಗಿತ್ತು, ತಡಾ ಮಾಡಿದ್ದು ಗಾಳಿ ಹೋದ ಮ್ಯಾಲೆ ತುಂಬಿತು. ತೊಗರಿ ಸಾಲು ಅಡ್ಡ ನಿಂತು ಗಾಳಿ ತಡದಿತ್ತು.

ಸುದ್ದಿ ಅರಮನಿಗೆ ಮುಟ್ಟಿತು. ಸಿಪಾಯಿಗಳು ಬಂದ್ರು. ಅಡಿವೆಪ್ಪ ಜೀವಮಾನದಾಗ ಮೊದಲನೇ ಸಲ ಓಡಿದ. ಓಡಿ ಕಣಜದಾಗ ಕುಂತ. ಬ್ಯಾಳಿ ಧೂಳು ಮೂಗಿಗೆ ಏರಿತು. ಒಂದು ಸೀನು ತಡಕೊಂಡ. ಎರಡು ಸೀನು ತಡಕೊಂಡ. ಮೂರನೇದು ಕಣಜದ ಮುಚ್ಚಳ ಹಾರಿಸಿಬಿಡ್ತು.

ಗಂಡಾ ಹೆಂಡತಿ ಇಬ್ಬರನ್ನೂ ಹಿಡಕೊಂಡು ಹೋಗಿ ರಾಜಾನ ಮುಂದ ನಿಂದರಿಸಿದ್ರು. ಅಡಿವೆಪ್ಪ ಎರಡೂ ಕೈಲೆ ಮೀಸಿ ಮುಚ್ಚಿಕೊಂಡಿದ್ದ.

"ಏನು ಮಾಡಿದಿ ನೀ ಆ ಹೊಲಕ್ಕ?" ರಾಜಾ ಕೇಳಿದ.

"ಏನೂ ಮಾಡಿಲ್ರೀ ಯಪ್ಪಾ."

"ಗೊಬ್ಬರ ಹಾಕಿದಿ?"

"ಇಲ್ರೀ."

"ಎಡಿ ಹೊಡದಿ?"

"ದೇವರಾಣಿ ಇಲ್ರೀ."

"ಹಕ್ಕಿನಾದ್ರೂ ಕಾದಿ?"

"ಹಕ್ಕಿ ನನ್ನ ನೋಡಿ ಹೆದರೂದು ಬಿಟ್ಟು ಎಂಟು ವರ್ಷ ಆತ್ರೀ!"

ರಾಜಾ ಬೆರಗಾದ. "ನೋಡ್ರಿ, ದೇಶಕ್ಕೆಲ್ಲ ಆಗೂವಷ್ಟು ಬೀಜ ಬೆಳದು ಎಷ್ಟು ವಿನಯ!" ಅಂದ. ಅಡಿವೆಪ್ಪಗ ಒಂದು ಗಳಿಗಿ ಎದಿ ಉಬ್ಬಿತು. ಹೌದಂದ್ರ ಮೀಸಿ ಉಳೀತೈತಿ. ಬಾಯಿ ತಗದ. ಪಕ್ಕದಾಗ ಹೊಳೆವ್ವನ ಕೈ ಕಣ್ಣಿಗೆ ಬಿತ್ತು. ತೆನಿ ಮುರದು ಮುರದು ಬೆರಳ ತುದಿ ಕಲ್ಲಾಗಿದ್ದವು. ಒಂಬತ್ತು ವರ್ಷ ಆ ಕೈ ಅವನ ಕಣ್ಣಿಗೆ ಬಿದ್ದಿದ್ದಿಲ್ಲ. ನಾಚಿಕಿ ಬಂತು.

"ವಿನಯ ಅಲ್ರೀ, ಮೈಗಳ್ಳತನ," ಅಂದ. "ಬೀಜ ಮಾಡಿದಾಕಿ ಈಕಿ."

ಹೊಳೆವ್ವ ಎಲ್ಲಾ ಹೇಳಿದ್ಲು. ಕೇಳ್ತಾ ಕೇಳ್ತಾ ಪಂಡಿತ ಭಾನಪ್ಪ ನೆಲಕ್ಕ ಕುಂತ. "ಪರದೆ ಕಟ್ಟಿ ಬೆಳಿಸಿದೆನಲ್ಲವ್ವ ನಾನು! ಗಾಳಿ ಅಂದ್ರೇನು ಅಂತ ಅದಕ್ಕ ತೋರಿಸಲೇ ಇಲ್ಲ," ಅಂತ ಕಣ್ಣೊರಸಿಕೊಂಡ.

"ಹಂಗಾದ್ರ ಆ ಬೀಜ ತರಿಸ್ರಿ," ರಾಜಾ ಎದ್ದ. "ಅರಮನಿ ತ್ವಾಟದಾಗ ಹಾಕ್ರಿ, ಪರದೆ ಕಟ್ರಿ, ದೇಶಕ್ಕೆಲ್ಲ ಅದೊಂದೇ ಹಂಚ್ರಿ!"

"ಬ್ಯಾಡ್ರೀ ಯಪ್ಪಾ," ಅಂದ್ಲು ಹೊಳೆವ್ವ. "ಮತ್ತ ಅದನ್ನೇ ಮಾಡಿದಂಗ ಆತು. ಇದು ನಮ್ಮ ಕಲ್ಲಿಗೆ ಒಗ್ಗೇತಿ. ಹೊಳಿ ದಂಡಿಯವರ ನೀರು ಇದಕ್ಕೇನು ಗೊತ್ತು? ಊರಿಗೊಂದು ಸೇರು ಕೊಡ್ತೀನಿ. ಅವರವರ ಹಳೇ ಬೀಜ ಮೂಲ್ಯಾಗ ಎಲ್ಲರೆ ಉಳದಿದ್ರ ಅದನ್ನೂ ಕೂಡಿಸಿ, ತಮ್ಮ ಹೊಲದ ಕೆಟ್ಟ ಜಾಗಾದಾಗ ಬಿತ್ತಲಿ. ನಿಂತದ್ದನ್ನ ಆರಿಸಲಿ. ವರ್ಷಾ ಆರಿಸಲಿ."

"ನಾನು ಊರೂರಿಗೆ ಹೋಗಿ ಕಲಿಸ್ತೀನಿ ಮಹಾರಾಜರೇ," ಅಂದ ಭಾನಪ್ಪ. "ಮೊದಲು ಈ ತಾಯಿ ಹತ್ರ ಕಲೀತೀನಿ."

ರಾಜಾ ಗಲ್ಲ ಕೆರಕೊಂಡ. ಒಪ್ಪಿದ. ಆದ್ರ ಅಪ್ಪಣಿ ಅಪ್ಪಣಿನೇ. ಅಡಿವೆಪ್ಪಗ ತೀರ್ಪು ಹೇಳಿದ: "ಆಜ್ಞೆ ಮುರದದ್ದಕ್ಕ ಇವನ ಅರ್ಧ ಮೀಸಿ ಬೋಳಿಸ್ರಿ. ನಿಜಾ ಹೇಳಿದ್ದಕ್ಕ ಕತ್ತೆ ಸವಾರಿ ಬಿಟ್ಟು, ಉಳದ ಅರ್ಧಕ್ಕ ಅರಮನಿ ಬೆಣ್ಣಿ ಹಚ್ರಿ!"

ಅರ್ಧ ಮೀಸಿ ಹೊತ್ತು ಬನ್ನಿ ಗಿಡದ ಕೆಳಗ ಕುಂಡ್ರಾಕ ಆಗತೈತೇನ್ರಿ? ಹಾದಿ ಮ್ಯಾಲೆ ಹೋಗೂ ಮಂದಿ ನಗತಿದ್ರು. ನಗು ತಪ್ಪಿಸಾಕ ಅಡಿವೆಪ್ಪ ಹೊಳೆವ್ವನ ಬೆನ್ನಿಗೆ ಬೆಳಿ ಸಾಲಿನಾಗ ಹೊಕ್ಕ. ಹೊಕ್ಕಾಂವ ನೋಡಾಕ ಕಲಿತ. ಒಂದಿನ ಒಂದು ತೆನಿ ತಾನೇ ಮುರದ. "ಇದು ಹೆಂಗೈತಿ?" ಅಂತ ಕೂಸಿನಂಗ ಕೇಳಿದ. ಹೊಳೆವ್ವ ಕಾಳು ಹಲ್ಲಾಗ ಕಡದು ನೋಡಿ, ತೆನಿ ಬೀಜದ ಬುಟ್ಟಿಗೆ ಹಾಕಿದ್ಲು. ಅವತ್ತು ಅಡಿವೆಪ್ಪ ಮನಿಗೆ ನಡದು ಬರಲಿಲ್ಲ, ತೇಲಿ ಬಂದ.

ಮೂರು ಸುಗ್ಗಿ ಕಳದವು. ಒಂದು ವರ್ಷ ಮಳಿ ಹೆಚ್ಚು, ಒಂದು ವರ್ಷ ಕಡಿಮಿ, ಒಂದು ವರ್ಷ ಹೊತ್ತಲ್ಲದ ಹೊತ್ತಿಗೆ. ದೇಶದ ಮಂದಿ ಹೆಂಗೋ ಉಂಡರು. ಆದ್ರ ರಾಜಾನ ಹಟ ಪೂರಾ ಹೋಗಿದ್ದಿಲ್ಲ. "ಹನ್ನೆರಡು ಊರಾಗ ಹನ್ನೆರಡು ನಮೂನಿ ಜೋಳ ಆಗ್ಯಾವಂತ. ಎಲ್ಲಾ ತರ್ರಿ. ರುಚಿ ನೋಡಿ ಯಾವುದು ಶ್ರೇಷ್ಠ ಅಂತ ಹೇಳ್ತೀನಿ. ಮುಂದ ಅದೊಂದೇ!" ಅಂದ.

ಹನ್ನೆರಡು ಊರವರು ಹಿಟ್ಟು ತಂದ್ರು. ಅರಮನಿ ಅಂಗಳದಾಗ ಹನ್ನೆರಡು ಒಲಿ. ಹೊಳಿ ದಂಡಿಯವರು ತಮ್ಮ ಕೆಂಪು ರೊಟ್ಟಿ ಕೊಟ್ರು, ಎರಿ ಸೀಮಿಯವರು ಹಾಲಿನಂಥಾ ಬಿಳಿದು ಕೊಟ್ರು. ಅಡಿವೆಪ್ಪ ತನ್ನೂರಿನ ರೊಟ್ಟಿ ತಾನೇ ಹೊತ್ತು ತಂದು, "ಗಿಡ್ಡ ದಂಟಿಂದು, ಆದ್ರ ಬಾಯಾಗ ಬೆಣ್ಣಿರೀ!" ಅಂತ ಜಗಳಕ್ಕ ನಿಂತ. ರಾಜಾ ತಿಂದ. ಬದನಿಕಾಯಿ ಪಲ್ಲೆ ಹಚ್ಚಿ ತಿಂದ, ಶೇಂಗಾ ಹಿಂಡಿ ಹಚ್ಚಿ ತಿಂದ, ಮೊಸರು ಹಚ್ಚಿ ತಿಂದ. ಹನ್ನೆರಡನೇ ರೊಟ್ಟಿ ಮುಗೀತು.

ರಾಜಾ ತೇಗಿದ. ಹುಬ್ಬು ಗಂಟು ಹಾಕಿದ. "ಹನ್ನೆರಡನೇದು ಭಾಳ ರುಚಿ," ಅಂದ. "ಆದ್ರ ಮೊದಲನೇದು ಹೆಂಗಿತ್ತು? ಮರತೇ ಹೋತಲ್ಲ! ಮತ್ತ ಮೊದಲಿನಿಂದ ರೊಟ್ಟಿ ಬಡೀರಿ."

ಎರಡನೇ ಸುತ್ತಿನ ಹನ್ನೆರಡು ಮುಗಿಯೂ ಹೊತ್ತಿಗೆ ಮತ್ತ ಮೊದಲನೇದರ ರುಚಿ ಹೋಗಿತ್ತು. ಆ ವರ್ಷ ತೀರ್ಪಾಗಲಿಲ್ಲ, ಮುಂದಿನ ವರ್ಷಕ್ಕ ಹಾಕಿದ್ರು. ಮುಂದಿನ ವರ್ಷನೂ ಆಗಲಿಲ್ಲ. ತೀರ್ಪು ಆಗೂತನಕ ಯಾರೂ ತಮ್ಮ ಬೀಜ ಬಿಡಂಗಿಲ್ಲ ಅಂತ ಹೊಳೆವ್ವ ಒಂದು ಕಾಯದೆ ಬರಿಸಿ, ರಾಜಾ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡಿದ್ದಾಗ ಮುದ್ರಿ ಒತ್ತಿಸಿಕೊಂಡ್ಲು.

ಅಲ್ಲಿ ಹನ್ನೆರಡು ಒಲಿ ಉರೀಲಿ, ಇಲ್ಲಿ ನಮ್ಮದೊಂದು ಒಲಿ ಉರೀಲಿ. ಅವರು ರೊಟ್ಟಿ ಮುರದ್ರು, ನಾನು ಕತಿ ಮುಗಿಸಿದೆ. ಏಳ್ರಿ, ಅರಿವಿ ಝಾಡಿಸಿಕೊಂಡು ಮನಿಗೆ ನಡೀರಿ.