ಕುಂಡಕ್ಕೆ ಕೆಮ್ಮಿಲ್ಲ

...ಕಹಿ ಅಲ್ಲ ಕಣೇ. ಕಹಿ ಅಂತ ಬರೀಬೇಡ, ಅಳಿಸು. ಈ ಕಷಾಯದ ರುಚಿಗೆ ಬೇರೇನೇ ಒಂದು ಮಾತಿದೆ. ಹಸಿ ಬಾಳೆಕಾಯಿ ಕಚ್ಚಿದ್ರೆ ನಾಲಿಗೆ ಹಿಂಡಿದ ಹಾಗಾಗುತ್ತಲ್ಲ, ಅದು... ಅ... ವ... ಅಯ್ಯೋ, ಊರು ಬಿಟ್ಟು ಇಷ್ಟು ದೂರ ಬಂದು ಕೂತ್ರೆ ಮಾತೂ ಬಿಟ್ಟು ಹೋಗುತ್ತೆ. ನಾಲಿಗೆ ತುದೀಲೇ ಇದೆ! ಯಾಕೆ ನಗ್ತೀಯ? ರುಚಿ ನಾಲಿಗೆ ಮೇಲಿರದೆ ಮೊಣಕಾಲಲ್ಲಿರುತ್ತಾ?

ಕುಡಿದೆ ಕಣೇ! ದಿನಾ ಬೆಳಿಗ್ಗೆ, ನೀನು ಹೇಳಿದ ಹಾಗೇ. ನಿಮ್ಮ ಸಂಶೋಧನಾ ಕೇಂದ್ರದ ಕುಂಡ, ಅದರ ಕೆಮ್ಮಿನ ಸೊಪ್ಪು, ನಮ್ಮಮ್ಮ ಹೇಳಿಕೊಟ್ಟ ಕಷಾಯ. ಸೊಪ್ಪು ಕುದಿಸಿ, ಅರ್ಧ ಲೋಟಕ್ಕೆ ಇಳಿಸಿ, ಗಟಗಟ ಅಂತ... ಖ್... ಖ್ಹ್ಮ್... ಏನಿಲ್ಲ, ನಗು ಬಂತು. ನೀನು ನಕ್ಕೆಯಲ್ಲ, ನನಗೂ ಬಂತು.

ಆ ಫೋನನ್ನೇ ಕೇಳು ಬೇಕಾದ್ರೆ. ಅಜ್ಜಿ ಎಷ್ಟು ಸಲ ಕೆಮ್ತಾಳೆ ಅಂತ ಕೇಳಿಸ್ಕೊಂಡು ಎಣಿಸೋಕೆ ಮಂಚದ ಪಕ್ಕ ಇಟ್ಟೆಯಲ್ಲ, ಅದನ್ನ. ಕೆಮ್ಮೇ ಇಲ್ಲ ಅನ್ನುತ್ತೆ ತಾನೇ? ಮತ್ತೆ! ...ಟೋಪಿನಾ? ಹೌದು, ನಾನೇ ಹಾಕಿದ್ದು. ಉಣ್ಣೆ ಟೋಪಿ. ಚಳೀಲಿ ಪಾಪ ತಣ್ಣಗೆ ಮಲಗಿತ್ತು ಆ ಫೋನು.

ಬಚ್ಚಲಲ್ಲಿ ನಲ್ಲಿ ಯಾಕೆ ಅಷ್ಟೊತ್ತು ಸುರೀತಿರುತ್ತೆ ಅಂತ ನಿಮ್ಮಮ್ಮ ಕೇಳಿದಳಾ? ಅವಳಿಗೇನು ಕೆಲಸ! ಮುದುಕಿ ಮುಖ ತೊಳೆಯೋಕೂ ಲೆಕ್ಕ ಒಪ್ಪಿಸಬೇಕಾ?

ಸಂಜೆಯೊಳಗೆ ವರದಿ ಕಳಿಸಬೇಕು ಅಂದೆಯಲ್ಲ, ಕಳಿಸು. ನಿಮ್ಮ ದೊಡ್ಡ ಮೇಡಂ ನೋಡಿ ಹಿಗ್ಗಲಿ. ನಾಳೆಯಿಂದ ವೃದ್ಧಾಶ್ರಮದವರಿಗೆಲ್ಲ ಇದೇ ಕಷಾಯವಂತೆ, ಅದೂ ನಿನ್ನ ಹೆಸರಲ್ಲಿ! ಅಜ್ಜಿಯ ಕಷಾಯ, ಮೊಮ್ಮಗಳ ಸಂಶೋಧನೆ... ಕೇಳೋಕೆ ಎಷ್ಟು ಚಂದ.

ಏನದು ಗೆರೆ? ಆ ಕಂಪ್ಯೂಟರ್ ಪರದೇನ ಯಾಕೆ ನನ್ನ ಕಡೆ ತಿರುಗಿಸ್ತೀಯ? ...ಓ, ಕುಂಡದ್ದು. ಮಣ್ಣಿಗೆ ಚುಚ್ಚಿದ್ದೀರಲ್ಲ ಆ ಕಡ್ಡಿ, ಒದ್ದೆಯೋ ಒಣಗಿದೆಯೋ ಅಂತ ಚಾಡಿ ಹೇಳೋದು, ಅದರದ್ದು. ದಿನಾ ಬೆಳಿಗ್ಗೆ ಗೆರೆ ಮೇಲಕ್ಕೆ ನೆಗೆಯುತ್ತಾ? ನೆಗೀಲಿ ಬಿಡು, ಎಳೇ ಗಿಡ, ಹುರುಪು. ನೀರು ಹಾಕೋದು ಸಂಜೆ ಅಂತ ನನಗೂ ಗೊತ್ತು. ಇಬ್ಬನಿ ಇರಬೇಕು... ಸೂರಿನ ಕೆಳಗೆ ಇಬ್ಬನಿ ಬೀಳಲ್ವಾ? ಹಾಗಾದರೆ ಮೇಲಿನ ಮನೆಯವಳು. ಬಟ್ಟೆ ಹಿಂಡದೇ ಒಣಹಾಕ್ತಾಳೆ, ಸೋಮಾರಿ. ...ತವರಿಗೆ ಹೋಗಿದ್ದಾಳಾ? ಯಾವಾಗ? ನನಗೊಂದು ಮಾತು ಹೇಳಲಿಲ್ಲ ನೋಡು.

ಎಲ್ಲಿಗೆ ಎದ್ದೆ? ಬಾಲ್ಕನಿಗೆ ಯಾಕೆ? ...ಏಯ್, ಮಣ್ಣು ಯಾಕೆ ಮೂಸ್ತೀಯ! ಓದಿದ ಹುಡುಗಿ, ಕುಂಡದೊಳಗೆ ಮೂಗು ತೂರಿಸ್ಕೊಂಡು... ಎದುರುಮನೆಯವರು ನೋಡಿದರೆ ಏನಂದುಕೊಂಡಾರು! ಬೆರಳಿಗೆ ಅಂಟಿದ್ದು ಎಲೆ ಚೂರು. ಗಿಡ ಅಂದಮೇಲೆ ಎಲೆ ಉದುರಲ್ವಾ? ...ಬೆಂದಿದೆಯಾ. ಹ್ಞೂಂ. ಬೆಂದ ಎಲೆ ಉದುರಲ್ಲ. ನಿಜ.

ನಾನಂತೂ ಆ ಕುಂಡದ ಹತ್ತಿರಕ್ಕೂ ಹೋಗಿಲ್ಲ. ಲೋಟ ಹಿಡ್ಕೊಂಡಂತೂ ಹೋಗೇ ಇಲ್ಲ. ...ಲೋಟದ ಮಾತು ನೀನು ಎತ್ತೇ ಇಲ್ಲ, ಅಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಕತೆ.

ಬೈದುಬಿಡೇ! ಹೀಗೆ ಸೊಂಟದ ಮೇಲೆ ಕೈಯಿಟ್ಟು ನೋಡಬೇಡ, ನಿಮ್ಮ ತಾತ ಹೀಗೇ ನೋಡ್ತಿದ್ರು.

ಮೊದಲನೇ ದಿನ ಒಂದು ಗುಟುಕು ಕುಡಿದೆ ಕಣೇ. ನಾಲಿಗೆ ಒಳಗೆ ಹೋಗಿ ಬಚ್ಚಿಟ್ಕೊಂಡಿತು. ಆದರೆ ನಮ್ಮಮ್ಮನ ಕಷಾಯ ಅಮೃತ ಅಂತ ಜಂಬ ಕೊಚ್ಚಿದ್ದು ನಾನೇ ತಾನೇ? ಚೆಲ್ಲೋಣ ಅಂದ್ರೆ ಅಡುಗೆಮನೇಲಿ ನಿಮ್ಮಮ್ಮ. ಬಾಲ್ಕನೀಲಿ ಕುಂಡ ಬಾಯಿ ತೆರ್ಕೊಂಡು ಕೂತಿತ್ತು. ಅದರ ಎಲೆ ಅದಕ್ಕೇ ಹೋಗಲಿ ಅಂತ... ಟೋಪಿ ಹಾಕಿದ್ದು ಫೋನಿನ ದೀಪ ಕಣ್ಣಿಗೆ ಹೊಡೀತಿತ್ತು ಅಂತ, ಅಷ್ಟೇ. ಅದಕ್ಕೆ ಕಿವಿ ಮಂದ ಆಯ್ತು. ಬೆಳಿಗ್ಗೆ ನೀನು ಓಡಿಬಂದು, ಅಜ್ಜೀ ಕೆಮ್ಮು ಇಳೀತಿದೆ ಅಂತ ನನ್ನನ್ನ ಎತ್ತಿ ಗಿರ್ರನೆ ತಿರುಗಿಸಿಬಿಟ್ಟೆ. ಆಮೇಲೆ ನಿನ್ನೆದುರು ಕೆಮ್ಮೋಕೆ ಮನಸ್ಸಾದರೂ ಹೇಗೆ ಬರುತ್ತೆ? ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು... ಖ್... ಖೊಹ್... ಖೊಹ್ ಖೊಹ್ ಖೊಹ್!

...ಇದು ನಗು ಅಲ್ಲ.

ಸಂಜೆ ಕಳಿಸಬೇಡ ಕಣೇ. ಆಶ್ರಮದಲ್ಲಿ ಕುಂಡ ಕೂಡ ಇಲ್ಲ. ಪಾಪ, ಅವರು ಎಲ್ಲಿಗೆ ಚೆಲ್ತಾರೆ?

ಮತ್ತೆ ಎಲ್ಲಿಗೆ ಹೋದೆ? ...ಏನದು ಕೈಲಿ? ಅಯ್ಯೋ, ಇವತ್ತಿಂದು. ನೀನು ಮನೇಲಿದ್ದೀಯ ಅಂತ ಒಲೆ ಮೇಲೇ ಬಿಟ್ಟಿದ್ದೆ. ಈಗಲಾ? ನಿಂತು ನೋಡ್ತೀಯಾ? ...ಆಯ್ತಮ್ಮ, ಕುಂಡದ ಕಡೆ ನೋಡಲ್ಲ. ಕೊಡು. ನೀನು ನನ್ನ ಮೂಗು ಹಿಡ್ಕೋ.

ಅಯ್ಯಯ್ಯಪ್ಪಾ! ಅಮ್ಮಾ! ಥೂ... ಒಗರು! ಒಗರು ಕಣೇ, ಸಿಕ್ತು! ಕಹಿ ಅಲ್ಲ, ಒಗರು! ಬರ್ಕೋ ಬೇಗ, ಮತ್ತೆ ಮರೆತುಹೋಗುತ್ತೆ. ರುಚಿ, ಒಗರು. ಅಜ್ಜಿ, ಇವತ್ತೇ ಮೊದಲನೇ ದಿನ. ಕೆಮ್ಮು, ಇದ್ದ ಹಾಗೇ ಇದೆ. ಕುಂಡಕ್ಕೆ ಮಾತ್ರ ಒಂದು ಚೂರೂ ಕೆಮ್ಮಿಲ್ಲ, ಅದನ್ನೂ ಬರ್ಕೋ.