ಬಣ್ಣ ಹಚ್ಚದ ನೆಬ್ರಾಸ್ಕಾ

ಟೈರ್ ಬದಲಿಸುವ ಅಂಗಡಿಯಲ್ಲಿ, ನನ್ನ ಎದುರಿನ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಹೆಂಡತಿಯ ತೊಡೆಯ ಮೇಲೆ, ಮಕ್ಕಳು ರಾಜ್ಯಗಳಿಗೆ ಬಣ್ಣ ಹಚ್ಚುವಂಥ ಅಮೆರಿಕದ ನಕ್ಷೆ; ಕೆಲವಕ್ಕಷ್ಟೇ ಬಣ್ಣ ಬಿದ್ದಿತ್ತು. ಇಬ್ಬರದೂ ದಿನಸಿ ಪಟ್ಟಿ ಓದುವ ದನಿ.

“ಮೂರು ದಿನ ರಜೆ ಇದೆ, ಮಾರ್ಲಿಸ್. ಮನೇಲಿ ಕೂತು ಏನ್ಮಾಡೋದು? ಕಾನ್ಸಾಸ್‌ಗೆ ಹೋಗೋಣ್ವಾ?”

“ಅಲ್ಲಿ ಟೆಸ್ಸಿ ಸೂರ್ಯಕಾಂತಿ ಹೊಲದಲ್ಲಿ ಬಚ್ಚಿಟ್ಕೊಂಡಿದ್ಲು.”

“ಸೌತ್ ಡಕೋಟಾ?”

“ಅವಳ ಮೊದಲ್ನೇ ಹಲ್ಲು ಬಿದ್ದಿದ್ದೇ ಅಲ್ಲಿ. ಅವಳು ಹೋಗಿರೋ ಕಡೆ ಹೋಗೋಕೆ ನನ್ನ ಕೈಲಾಗಲ್ಲ, ಡ್ವೇನ್. ಮಗಳು ತೀರ್ಕೊಂಡು ಇನ್ನೂ ವರ್ಷ ಆಗಿಲ್ಲ.”

“ಹಂಗಾದ್ರೆ ನೆಬ್ರಾಸ್ಕಾ. ಅಲ್ಲಿಗ್ಯಾರೂ ಹೋಗಲ್ಲ.”

“ನಾವು ದಾಟಿದ್ವಲ್ಲ. ಹಿಂದಿನ ಸೀಟಲ್ಲಿ ಮಲಗಿದ್ಲು.”

“ನೆಲಕ್ಕೆ ಕಾಲಿಡ್ದೇ ಇದ್ರೆ ಲೆಕ್ಕಕ್ಕಿಲ್ಲ. ಅವಳದೇ ರೂಲು. ಅದಕ್ಕೇ ಬಣ್ಣ ಹಚ್ಚಿಲ್ಲ, ನೋಡು.”

“ಅಲ್ಲೇನಿದೆ?”

“ಮೆಕ್ಕೆಜೋಳ.”

“ಸರಿ ಬಿಡು.”

ಮೆಕ್ಯಾನಿಕ್ ಬಂದು ಕಾರು ರೆಡಿ ಎಂದ. ಇಬ್ಬರೂ ಎದ್ದರು. ನಕ್ಷೆ ಮಡಚುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

“ನಾವು ಕಾಲಿಟ್ರೆ ಅವಳಿಗಿಂತ ನಮಗೊಂದು ರಾಜ್ಯ ಜಾಸ್ತಿ ಆಗುತ್ತೆ.”

ಗಂಡ ಬಾಗಿಲು ತೆರೆದು ಹಿಡಿದ.

“ಇಳಿಯೋದು ಬೇಡ. ದಾಟ್ಕೊಂಡು ಬರೋಣ.”