ಡಾಕ್ಟರ ಊಟದ ಡಬ್ಬಿ

ಒಂದೂರಲ್ಲಿ ಒಬ್ಬ ಡಾಕ್ಟರಿದ್ದರು. ಒಳ್ಳೆಯವರು, ಹೆಣ್ಣುಮಕ್ಕಳೆಂದರೆ ಕೈ ಮುಗಿಯುವವರು. ನೋಡಿ, ಅವರು ಎಡವಿದ್ದೂ ಆ ಗೌರವದಲ್ಲೇ!

ಒಂದು ಬೆಳಿಗ್ಗೆ ಒಬ್ಬ ಗೃಹಿಣಿ ಬಂದಳು. ಕುರ್ಚಿಯ ತುದಿಯಲ್ಲಿ ಕೂತು ಮೆಲ್ಲಗೆ ಕೇಳಿದಳು: “ಎಚ್‌ಐವಿ ಬರದಂಗೆ ತಡೆಯೋ ಮಾತ್ರೆ ಇದೆಯಂತಲ್ಲ ಸಾರ್, ಬರ್ಕೊಡ್ತೀರಾ?”

ಬಾಗಿಲು ತೆರೆದೇ ಇತ್ತು. ಡಾಕ್ಟರು ನಕ್ಕರು. “ಅಯ್ಯೋ ತಾಯಿ, ನಿಮ್ಮಂಥ ಮರ್ಯಾದಸ್ಥರಿಗೆ ಅದ್ಯಾಕೆ?”

ಹೊರಗೆ ಕೂತವರು ತಿರುಗಿ ನೋಡಿದರು. ಆಕೆ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟಳು.

ಡಾಕ್ಟರಿಗೆ ಏನೋ ಚುಚ್ಚಿತು. ಆ ಮಾತ್ರೆಯನ್ನು ಅವರು ಒಮ್ಮೆಯೂ ಬರೆದವರಲ್ಲ. ಪಟ್ಟಣದಲ್ಲಿ ಎಚ್‌ಐವಿ ಚಿಕಿತ್ಸೆ ನೀಡುವ ಹಳೆಯ ಸಹಪಾಠಿಗೆ ಫೋನ್ ಹಚ್ಚಿ ನಡೆದದ್ದನ್ನು ಹೇಳಿದರು.

“ಮರ್ಯಾದೆ ನೋಡ್ಕೊಂಡು ಬರುತ್ತೇನೋ ವೈರಸ್ಸು?” ಗೆಳೆಯ ಗದರಿದ. “ಗಂಡನಿಗೇ ಇದ್ರೆ? ಕೇಳ್ದೆಯಾ?”

“ಕೇಳ್ಲಿಲ್ಲ ಕಣೋ.”

“ಕೇಳು! ಮೊದ್ಲು ರಕ್ತ ಪರೀಕ್ಷೆ ಮಾಡ್ಸು. ಸೋಂಕು ಇಲ್ಲ ಅಂತ ಖಚಿತ ಮಾಡ್ಕೋ. ಕಿಡ್ನಿ ನೋಡು, ಹೆಪಟೈಟಿಸ್ ಬಿ ನೋಡು. ಆಮೇಲೆ ದಿನಾ ತಪ್ಪದೆ ಮಾತ್ರೆ, ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ನಾನಿದೀನಿ. ಈಗ ಓಡು ಮಾರಾಯ!”

ಡಾಕ್ಟರು ಓಡಿದರು! ಬಾಗಿಲ ತನಕ ಹೋಗಿ ಗಕ್ಕನೆ ನಿಂತರು. ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರೆದುರು, ಏನೆಂದು ಕರೆಯುವುದು? ತಿರುಗಿ ಬಂದು ತಮ್ಮ ಊಟದ ಡಬ್ಬಿ ಎತ್ತಿಕೊಂಡು ಮತ್ತೆ ಓಡಿದರು.

ಆಕೆ ಹತ್ತಿದ ಬಸ್ಸಿನ ಕಂಡಕ್ಟರ್ ಸೀಟಿ ಊದಿಯೇ ಬಿಟ್ಟಿದ್ದ. ಡಾಕ್ಟರು ಕೂಗಿದರು: “ನಿಲ್ಸಪ್ಪಾ! ಅಮ್ಮಾ, ನಿಮ್ಮ ಡಬ್ಬಿ ನಮ್ಮಲ್ಲೇ ಬಿಟ್ಟು ಬಂದ್ರಿ!”

ಆಕೆ ಡಬ್ಬಿ ನೋಡಿದಳು. ಏದುಸಿರು ಬಿಡುತ್ತಿದ್ದ ಡಾಕ್ಟರ ಮುಖ ನೋಡಿದಳು. “ಹೌದಲ್ಲ, ಮರ್ತೇಬಿಟ್ಟೆ” ಎಂದು ಇಳಿದಳು.

ಈ ಸಲ ಡಾಕ್ಟರು ಬಾಗಿಲು ಮುಚ್ಚಿದರು, ಕುರ್ಚಿ ಹತ್ತಿರ ಎಳೆದರು. “ತಪ್ಪಾಯ್ತಮ್ಮ. ಹೇಳಿ.”

“ನಮ್ಮ ಮನೆಯವ್ರಿಗೆ ಇದೆ ಸಾರ್. ಔಷಧಿ ಈಗಷ್ಟೇ ಶುರುವಾಗಿದೆ. ಅವರನ್ನ ಬಿಡೋಕೂ ಆಗಲ್ಲ, ಭಯಾನೂ ಬಿಡ್ತಿಲ್ಲ.”

ಪರೀಕ್ಷೆಯಲ್ಲಿ ಆಕೆಗೆ ಸೋಂಕಿರಲಿಲ್ಲ! ಮಾತ್ರೆ ಶುರುವಾಯಿತು. ಹೊರಡುವಾಗ ಡಾಕ್ಟರು ಹೇಳಿದರು: “ಡಬ್ಬಿ ಇಟ್ಕೊಳ್ಳಿ. ಮುಂದಿನ ಪರೀಕ್ಷೆಗೆ ಬಂದಾಗ ಕೊಡಿ. ಯಾರಾದ್ರೂ ಕೇಳಿದ್ರೆ ಡಬ್ಬಿ ಕೊಡೋಕೆ ಬಂದೆ ಅನ್ನಿ.”

ಬಂದಳು ನೋಡಿ, ಹೇಳಿದ ದಿನಕ್ಕೇ! ಡಬ್ಬಿ ತುಂಬ ಹುಗ್ಗಿ. ಖಾಲಿ ಪಾತ್ರೆ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿ ಉಂಟೇ? ಈ ಸಲವೂ ಸೋಂಕಿರಲಿಲ್ಲ.

ಈಗ ನೀವು ಹೇಳಿ. “ನಿಮ್ಮಂಥವರಿಗೆ ಅದ್ಯಾಕೆ?” ಎಂಬ ಮಾತು ನಿಮ್ಮ ಬಾಯಿಂದ ಎಷ್ಟು ಸಲ ಬಂದಿದೆ? ಹೊಗಳಿಕೆ ಎಂದುಕೊಂಡಿದ್ದಿರಾ? ಅದು ಮುಖಕ್ಕೆ ಹಾಕಿದ ಬಾಗಿಲು! ಇಲ್ಲಿ ಡಾಕ್ಟರುಗಳೂ ಕೂತಿದ್ದೀರಿ: ಕೋಣೆಯ ಬಾಗಿಲು ಮುಚ್ಚಿ, ಆಮೇಲೆ ಬಾಯಿ ತೆರೆಯಿರಿ, ಗೊತ್ತಿಲ್ಲದಿದ್ದರೆ ನಾಚದೆ ಗೊತ್ತಿರುವವರನ್ನು ಕೇಳಿ, ಇವತ್ತೇ ಕೇಳಿ. ಉಳಿದವರೇ, ನಾಳೆ ನೆರೆಮನೆಯಾಕೆ ಆಸ್ಪತ್ರೆಯಲ್ಲಿ ಕಂಡರೆ “ಯಾಕೆ ಬಂದೆ?” ಎನ್ನಬೇಡಿ. ಪಕ್ಕಕ್ಕೆ ಸರಿದು ಕೂರಲು ಜಾಗ ಕೊಡಿ. ಅಷ್ಟು ಸಾಕು.